ಗಡಿಯ ಗುಂಜೋಟಿಯೂ ಅಮಲಿನ ಪಿಡುಗೂ: ರಾಜ್ಯಕ್ಕೊಂದು ಸಲಹಾ ಪರಿಷತ್ತು ಬೇಡವೇ?

2025ನೇ ಇಸವಿಯ ಆರಂಭದ ನಾಲ್ಕು ತಿಂಗಳೊಳಗೆ ಮಹಾರಾಷ್ಟ್ರದ ಮರಾಠವಾಡಾ ವಿಭಾಗದ ಎರಡು ಜಿಲ್ಲೆಗಳಿಂದ ಎರಡು ಸುದ್ದಿಗಳು ಬಂದುವು. ಫೆಬ್ರವರಿಯಲ್ಲಿ ಧಾರಾಶಿವ ಜಿಲ್ಲೆಯ ತಾಮಲವಾಡಿ ಟೋಲ್ ನಾಕಾದ ಬಳಿ ಪೊಲೀಸರು ಮೆಫೆಡ್ರೋನ್ ಎಂಬ ಮಾದಕ ಪುಡಿಯನ್ನು ಹಿಡಿದರು. ಪೇಟೆಯ ಮಾತಿನಲ್ಲಿ ಇದಕ್ಕೆ 'ಎಂ.ಡಿ.' ಎಂದು ಹೆಸರು. ಹಿಡಿದ ಪುಡಿ ಕೆಲವೇ ಗ್ರಾಂ. ಆದರೆ ಅದರ ಜಾಡು ತುಳಜಾಪುರದ ಕ್ಷೇತ್ರದವರೆಗೆ ಹೋಗಿ, ಆರೋಪಿಗಳ ಪಟ್ಟಿ ಮೂವತ್ತನ್ನು ಮೀರಿ, ಅದರಲ್ಲಿ ಭವಾನಿ ದೇವಾಲಯದ ಕೆಲವು ಪೂಜಾರಿಗಳ ಹೆಸರೂ ಸೇರಿದಾಗ ಭಕ್ತಜನರು ದಂಗಾದರು. ಏಪ್ರಿಲ್‌ನಲ್ಲಿ ಲಾತೂರು ಜಿಲ್ಲೆಯ ಚಾಕೂರು ತಾಲೂಕಿನ ರೋಹಿಣಾ ಎಂಬ ಹಳ್ಳಿಯಲ್ಲಿ ಕೇಂದ್ರದ ಕಂದಾಯ ಗುಪ್ತಚರ ನಿರ್ದೇಶನಾಲಯದವರು ಅದೇ ಪುಡಿಯನ್ನು ತಯಾರಿಸುವ ಗುಪ್ತ ಕಾರಖಾನೆಯೊಂದನ್ನು ಬಯಲಿಗೆಳೆದರು. ಸಿಕ್ಕಿದ್ದು 11 ಕಿಲೋಗೂ ಹೆಚ್ಚು. ಬೆಲೆ ಸುಮಾರು 17 ಕೋಟಿ ರೂಪಾಯಿ. ಬಂಧಿತರಲ್ಲಿ ಒಬ್ಬ ಪೊಲೀಸನೂ ಇದ್ದ. ಆರೋಪ ನಿಜವಾದರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಈ ಎರಡು ಜಿಲ್ಲೆಗಳ ಅಂಚಿನಲ್ಲಿ ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳಿವೆ. ಉಮರ್ಗಾ ತಾಲೂಕಿನ ಗುಂಜೋಟಿಯಂತಹ ಊರುಗಳಲ್ಲಿ ಮನೆಯೊಳಗೆ ಇಂದಿಗೂ ಕನ್ನಡ ಕೇಳಿಬರುತ್ತದೆ. ಕಾಸರಗೋಡಿನಲ್ಲಿ ಕುಳಿತ ನಾವು ಸುಮಾರು ಇಡೀ ಕರ್ನಾಟಕದಾಚೆಗಿರುವ ಆ ಹಳ್ಳಿಯ ಚಿಂತೆಯನ್ನೇಕೆ ಮಾಡಬೇಕು ಎಂದು ಕೆಲವರು ಕೇಳಿಯಾರು. ಉತ್ತರ ಸರಳ. ಅವರ ಪಾಡೂ ನಮ್ಮ ಪಾಡೂ ಒಂದೇ ದಿನ, ಒಂದೇ ಕಾನೂನಿನಿಂದ ನಿಶ್ಚಯವಾದುದು.

ಒಂದೇ ದಿನದ ಗೆರೆ

1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆ ಕಾನೂನು ಜಾರಿಗೆ ಬಂದಾಗ ಮದ್ರಾಸಿನಲ್ಲಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಅದೇ ದಿನ ಹೈದರಾಬಾದು ರಾಜ್ಯ ಮೂರು ಪಾಲಾಯಿತು. ಬೀದರ ಜಿಲ್ಲೆಯ ಬಹುಭಾಗ ಮೈಸೂರಿಗೆ ಬಂತು. ಆದರೆ ಅದರ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದುವು. ಉಮರ್ಗಾವನ್ನೊಳಗೊಂಡ ಉಸ್ಮಾನಾಬಾದು ಜಿಲ್ಲೆಯೂ ಅತ್ತಲೇ ಸೇರಿತು. 1960ರಲ್ಲಿ ಇವೆಲ್ಲ ಮಹಾರಾಷ್ಟ್ರದವಾದುವು. 1982ರಲ್ಲಿ ಲಾತೂರು ಬೇರೆ ಜಿಲ್ಲೆಯಾಯಿತು. 2023ರಲ್ಲಿ ಉಸ್ಮಾನಾಬಾದಿಗೆ ಧಾರಾಶಿವ ಎಂಬ ಹೆಸರು ಬಂತು.

ಹೆಸರುಗಳು ಬದಲಾದರೂ ದಾರಿಗಳು ಬದಲಾಗಲಿಲ್ಲ. ಪುಣೆಯಿಂದ ಸೊಲ್ಲಾಪುರ, ನಳದುರ್ಗ, ಉಮರ್ಗಾ, ಹುಮನಾಬಾದು, ಜಹೀರಾಬಾದುಗಳ ಮೂಲಕ ಹೈದರಾಬಾದಿಗೆ ಹೋಗುವ 65ನೇ ಸಂಖ್ಯೆಯ ಹೆದ್ದಾರಿ ಮೂರು ರಾಜ್ಯಗಳನ್ನು ಹೊಲಿಯುತ್ತದೆ. ಈಚಿನ ವರ್ಷಗಳಲ್ಲಿ ಈ ದಾರಿಯ ಆಚೀಚೆ ನಡೆದುದನ್ನು ಜೋಡಿಸಿ ನೋಡಿರಿ. 2020ರ ಸೆಪ್ಟೆಂಬರ್‌ನಲ್ಲಿ ಕಲಬುರಗಿ ಜಿಲ್ಲೆಯ ಕಮಲಾಪುರದ ಕಡೆ ಕುರಿಹಟ್ಟಿಯ ನೆಲದಡಿಯಲ್ಲಿ ಹೂತಿಟ್ಟ ಸಾವಿರ ಕಿಲೋಗೂ ಮೀರಿದ ಗಾಂಜಾವನ್ನು ಬೆಂಗಳೂರಿನ ಪೊಲೀಸರು ಹೋಗಿ ಹಿಡಿದರು. 2023ರ ಅಕ್ಟೋಬರ್‌ನಲ್ಲಿ ಸೊಲ್ಲಾಪುರದ ಕೈಗಾರಿಕಾ ವಸಾಹತಿನಲ್ಲಿ ಎಂ.ಡಿ. ಕಾರಖಾನೆ ಸಿಕ್ಕಿತು. 2024ರ ಫೆಬ್ರವರಿಯಲ್ಲಿ ಪುಣೆ ಜಿಲ್ಲೆಯ ಕುರಕುಂಭದಲ್ಲಿ ಅದಕ್ಕಿಂತಲೂ ದೊಡ್ಡದು ಸಿಕ್ಕಿತು. 2025ರ ಜುಲೈಯಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಕಲಬೆರಕೆ ಸೇಂದಿ ಕುಡಿದು ಹಲವು ಬಡವರು ಸತ್ತರು. ಸೇಂದಿಗೆ ನಿದ್ರೆಯ ಮಾತ್ರೆಯ ಪುಡಿ ಬೆರೆಸುವ ಚಾಳಿ ಆ ಭಾಗದಲ್ಲಿ ಹಳೆಯದು. ದಾರಿ ಒಂದೇ, ನೋಡಿಕೊಳ್ಳುವ ಸರಕಾರಗಳು ಮೂರು.

ಕಾನೂನಿನಲ್ಲಿ ಏನಿದೆ, ಏನಿಲ್ಲ

ಮಾದಕ ದ್ರವ್ಯ ಹಾಗೂ ಮನೋವಿಕಾರಕ ವಸ್ತುಗಳ ಕಾನೂನು 1985ರ ನವೆಂಬರ್ 14ರಂದು ಜಾರಿಗೆ ಬಂತು. ಇದರ 6ನೇ ಕಲಮಿನಂತೆ ಕೇಂದ್ರ ಸರಕಾರವು ಒಬ್ಬ ಅಧ್ಯಕ್ಷ ಹಾಗೂ ಇಪ್ಪತ್ತಕ್ಕೆ ಮೀರದ ಸದಸ್ಯರ ಒಂದು ಸಮಾಲೋಚನಾ ಸಮಿತಿಯನ್ನು ರಚಿಸಬಹುದು. ರಾಜ್ಯಗಳಿಗೆ ಇಂತಹ ಸಮಿತಿ ಇರಬೇಕೆಂಬ ಮಾತು ಆ ಕಾನೂನಿನಲ್ಲಿಲ್ಲ. ಆದರೆ ಕುಡಿತವನ್ನು, ಅಂಗಡಿಯ ಪರವಾನಗಿಯನ್ನು, ಆಸ್ಪತ್ರೆಯನ್ನು, ಪೊಲೀಸನ್ನು ನಡೆಸುವವರು ರಾಜ್ಯದವರೇ. ಸಲಹೆ ಬೇಕಾದುದು ಎಲ್ಲಿಯೋ ಅಲ್ಲಿಯೇ ಸಲಹೆಗಾರರಿಲ್ಲ.

ಸಮಿತಿಗಳೇ ಇಲ್ಲವೆಂದಲ್ಲ. ಕೇಂದ್ರ ಗೃಹ ಇಲಾಖೆಯು 2016ರಲ್ಲಿ ಮಾದಕ ದ್ರವ್ಯ ಸಮನ್ವಯ ಕೇಂದ್ರವೆಂಬ ವ್ಯವಸ್ಥೆಯನ್ನು ಹುಟ್ಟುಹಾಕಿತು. 2019ರಲ್ಲಿ ಅದು ಕೇಂದ್ರದಿಂದ ಜಿಲ್ಲೆಯವರೆಗೆ ನಾಲ್ಕು ಮೆಟ್ಟಿಲುಗಳದ್ದಾಯಿತು. ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಯೇ ಅದರ ಮುಖ್ಯಸ್ಥ. ಮಹಾರಾಷ್ಟ್ರವು 2023ರಲ್ಲಿ ಮಾದಕ ದ್ರವ್ಯ ವಿರೋಧಿ ಕಾರ್ಯಪಡೆಯನ್ನು ರಚಿಸಿ, 2025ರ ಜನವರಿಯಲ್ಲಿ ಅದಕ್ಕೆ 346 ಹುದ್ದೆಗಳನ್ನು ಮಂಜೂರು ಮಾಡಿತು. ಕರ್ನಾಟಕವು 2024ರ ಸೆಪ್ಟೆಂಬರ್‌ನಲ್ಲಿ ಗೃಹ ಸಚಿವರ ನೇತೃತ್ವದಲ್ಲಿ ಸಚಿವರ ಕಾರ್ಯಪಡೆಯೊಂದನ್ನು ನೇಮಿಸಿತು. ಕೇರಳದಲ್ಲಿ 2016ರಿಂದ ಅಬಕಾರಿ ಇಲಾಖೆಯ 'ವಿಮುಕ್ತಿ' ಯೋಜನೆ ನಡೆದಿದೆ.

ಇವೆಲ್ಲ ಬೇಕಾದುವೇ. ಆದರೆ ಇವುಗಳಲ್ಲಿ ಕೂಡುವವರು ಯಾರು? ಅಧಿಕಾರಿಗಳು, ಇಲ್ಲವೇ ಮಂತ್ರಿಗಳು. ಅವರು ಎಣಿಸುವುದೇನು? ಹಿಡಿದ ಕಿಲೋ, ದಾಖಲಾದ ಮೊಕದ್ದಮೆ, ಬಂಧಿತರ ಸಂಖ್ಯೆ. ಬಿಡಿಸಿಕೊಂಡವರೆಷ್ಟು, ಚಿಕಿತ್ಸೆ ಕೇಳಿ ಬರಿಗೈಯಲ್ಲಿ ಹಿಂದಿರುಗಿದವರೆಷ್ಟು ಎಂಬ ಲೆಕ್ಕವನ್ನು ಅವರ ಮುಂದಿಡುವವರು ಯಾರೂ ಇಲ್ಲ. ದಾಳಿಯ ಮರುದಿನ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಅದೇ ಊರಿನ ಚಟಗಾರ ಅದೇ ಕಟ್ಟೆಯ ಮೇಲೆ ಇನ್ನೊಬ್ಬ ಮಾರುವವನನ್ನು ಕಾಯುತ್ತ ಕುಳಿತಿರುತ್ತಾನೆ.

ಲೆಕ್ಕ ಏನು ಹೇಳುತ್ತದೆ

2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಬಚಪನ್ ಬಚಾವೋ ಆಂದೋಲನದವರ ಅರ್ಜಿಯ ಮೇಲೆ, ದೇಶವ್ಯಾಪಿ ಸಮೀಕ್ಷೆ ನಡೆಸಿ ರಾಷ್ಟ್ರೀಯ ಯೋಜನೆ ರೂಪಿಸಬೇಕೆಂದು ಸರಕಾರಕ್ಕೆ ಅಪ್ಪಣೆ ಮಾಡಿತು. ದಿಲ್ಲಿಯ ಅಖಿಲ ಭಾರತ ವೈದ್ಯ ವಿಜ್ಞಾನ ಸಂಸ್ಥೆ ನಡೆಸಿದ ಸಮೀಕ್ಷೆಯ ವರದಿ 2019ರಲ್ಲಿ ಹೊರಬಂತು. ಅದರಂತೆ 10ರಿಂದ 75 ವಯಸ್ಸಿನವರಲ್ಲಿ 100ಕ್ಕೆ 14.6 ಮಂದಿ, ಅಂದರೆ ಸುಮಾರು 16 ಕೋಟಿ ಜನ, ಮದ್ಯ ಸೇವಿಸುವವರು. ಅಫೀಮಿನ ಕುಲದ ಪದಾರ್ಥಗಳನ್ನು ಬಳಸುವವರು 100ಕ್ಕೆ 2.1, ಅಂದರೆ ಸುಮಾರು 2.26 ಕೋಟಿ. ಈ ಕುಲದಲ್ಲಿ ಹಳೆಯ ಅಫೀಮಿಗಿಂತ ಹೆರಾಯಿನ್‌ನ ಬಳಕೆದಾರರೂ, ಔಷಧದಂಗಡಿಯ ನೋವಿನ ಮದ್ದುಗಳನ್ನು ಅಮಲಿಗಾಗಿ ಬಳಸುವವರೂ ಹೆಚ್ಚು. ಅಫೀಮಿನ ಕುಲದಿಂದ ತೊಂದರೆಗೊಳಗಾಗಿ ನೆರವು ಬೇಕಾದವರು ಸುಮಾರು 77 ಲಕ್ಷ. ಮದ್ಯದಿಂದ ಹಾಗಾದವರು ಸುಮಾರು 5.7 ಕೋಟಿ.

ಇದಕ್ಕಿಂತ ಕಳವಳದ ಅಂಕಿ ಮತ್ತೊಂದಿದೆ. ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ದೊರಕಿದೆ. ಆಸ್ಪತ್ರೆಯಲ್ಲಿ ಮಲಗಿ ಚಿಕಿತ್ಸೆ ಪಡೆದವನು 180ರಲ್ಲಿ ಒಬ್ಬ. ಉಳಿದವರು ಎಲ್ಲಿದ್ದಾರೆ? ಮನೆಯಲ್ಲಿದ್ದಾರೆ, ಸೆರೆಮನೆಯಲ್ಲಿದ್ದಾರೆ, ಸ್ಮಶಾನದಲ್ಲಿದ್ದಾರೆ.

ಇಷ್ಟೆಲ್ಲ ಹೇಳಿದ ವರದಿ ಅಂದಾಜು ಕೊಟ್ಟದ್ದು ದೇಶಕ್ಕೆ ಹಾಗೂ ರಾಜ್ಯಗಳಿಗೆ. ಧಾರಾಶಿವಕ್ಕೆಷ್ಟು, ಲಾತೂರಿಗೆಷ್ಟು, ಕಾಸರಗೋಡಿಗೆಷ್ಟು ಎಂಬ ಜಿಲ್ಲಾವಾರು ಲೆಕ್ಕ ಅದರಲ್ಲಿಲ್ಲ. ರಾಜ್ಯದ ಸರಾಸರಿಯಲ್ಲಿ ಮುಂಬಯಿಯೂ ಗುಂಜೋಟಿಯೂ ಒಂದೇ ತಕ್ಕಡಿಯಲ್ಲಿ ತೂಗಲ್ಪಡುತ್ತವೆ. ಪ್ರತಿ ಜಿಲ್ಲೆಯ ನಿಜಸ್ಥಿತಿಯನ್ನು ಎಣಿಸಿ ವಿಧಾನಮಂಡಲದ ಮುಂದಿಡುವುದು ಸಲಹಾ ಪರಿಷತ್ತಿನ ಮೊದಲ ಕೆಲಸವಾಗಬೇಕು.

ಅಫೀಮು: ವಿಷವೂ ಹೌದು, ಮದ್ದೂ ಹೌದು

ಸಲಹೆಗೆ ವೈದ್ಯರು ಏಕೆ ಬೇಕೆಂಬುದಕ್ಕೆ ಅಫೀಮಿನ ಚರಿತ್ರೆಯೇ ಉತ್ತರ. ಬ್ರಿಟಿಷರ ಕಾಲದಲ್ಲಿ ಅದು ಬೊಕ್ಕಸ ತುಂಬಿಸುವ ವ್ಯಾಪಾರ. 1857ರ ಮತ್ತು 1878ರ ಅಫೀಮು ಕಾನೂನುಗಳು ಆ ವ್ಯಾಪಾರವನ್ನು ಕಾಯುವುದಕ್ಕಿದ್ದುವು. ಸ್ವಾತಂತ್ರ್ಯಾನಂತರ 1949ರ ಅಖಿಲ ಭಾರತ ಅಫೀಮು ಸಮ್ಮೇಳನ ಹತ್ತು ವರ್ಷಗಳಲ್ಲಿ ಅಫೀಮು ತಿನ್ನುವುದನ್ನು ನಿಲ್ಲಿಸಬೇಕೆಂದು ತೀರ್ಮಾನಿಸಿತು. 1959ರ ಏಪ್ರಿಲ್ 1ರಿಂದ ವೈದ್ಯಕೀಯ ಉದ್ದೇಶಕ್ಕಲ್ಲದೆ ಅದರ ಸೇವನೆ ನಿಷಿದ್ಧವಾಯಿತು.

1985ರ ಕಾನೂನು ಇನ್ನಷ್ಟು ಬಿಗಿಯಾಯಿತು. ಬಿಗಿಯ ಪೆಟ್ಟು ಬಿದ್ದದ್ದು ಕಳ್ಳಸಾಗಣೆಗಾರನ ಮೇಲೆ ಮಾತ್ರವಲ್ಲ. ಕ್ಯಾನ್ಸರಿನ ಕೊನೆಯ ನೋವಿನಲ್ಲಿ ಒದ್ದಾಡುವವರಿಗೆ ಬೇಕಾದ ಮಾರ್ಫಿನ್ ಮಾತ್ರೆ ಆಸ್ಪತ್ರೆಗಳಿಂದ ಕಾಣೆಯಾಯಿತು. ಪರವಾನಗಿಗಳ ಜಂಜಾಟಕ್ಕೆ ಹೆದರಿ ಔಷಧಾಲಯಗಳು ಅದನ್ನು ಇಡುವುದನ್ನೇ ಬಿಟ್ಟುವು. ಈ ಅನ್ಯಾಯವನ್ನು ಸರಿಪಡಿಸಲು 2014ರಲ್ಲಿ ಪಾರ್ಲಿಮೆಂಟು ಕಾನೂನನ್ನು ತಿದ್ದಿತು. ಅದಕ್ಕೂ ಮುನ್ನ ದಾರಿ ತೋರಿಸಿದ್ದು ಕೇರಳ. 1993ರಲ್ಲಿ ಕಲ್ಲಿಕೋಟೆಯಲ್ಲಿ ಆರಂಭವಾದ ನೋವು ಶಮನದ ಸೇವೆ ಹಳ್ಳಿಹಳ್ಳಿಗೆ ಹಬ್ಬಿತು. 2008ರಲ್ಲಿ ರಾಜ್ಯ ಸರಕಾರವೇ ಸಾಂತ್ವನ ಚಿಕಿತ್ಸೆಯ ನೀತಿಯನ್ನು ಘೋಷಿಸಿತು. ದೇಶದಲ್ಲಿ ಅದೇ ಮೊದಲನೆಯದು.

ಅತ್ತ ಇನ್ನೊಂದು ಬಾಗಿಲಿನಿಂದ ಅದೇ ಕುಲದ ಮಾತ್ರೆಗಳು ಅಮಲಿಗೆ ಹರಿಯತೊಡಗಿದುವು. ಟ್ರಮಡಾಲ್ ಎಂಬ ನೋವಿನ ಮಾತ್ರೆಯನ್ನು 2018ರಲ್ಲಿ 1985ರ ಕಾನೂನಿನೊಳಗೆ ತರಬೇಕಾಯಿತು. ಟಪೆಂಟಡಾಲ್ ಬೆರೆಸಿದ ಮಾತ್ರೆಗಳನ್ನು ಮಹಾರಾಷ್ಟ್ರದ ಕಂಪೆನಿಯೊಂದು ಪಶ್ಚಿಮ ಆಫ್ರಿಕದ ದೇಶಗಳಿಗೆ ರವಾನಿಸುತ್ತಿದ್ದ ಸಂಗತಿ 2025ರ ಫೆಬ್ರವರಿಯಲ್ಲಿ ಬಯಲಾಗಿ ಕೇಂದ್ರ ಸರಕಾರ ಆ ಮಿಶ್ರಣದ ತಯಾರಿಕೆಯನ್ನೂ ರಫ್ತನ್ನೂ ತಡೆಯಿತು. ಒಂದು ಕೈ ಬಿಗಿ ಹಿಡಿದರೆ ರೋಗಿ ನರಳುತ್ತಾನೆ. ಸಡಿಲ ಬಿಟ್ಟರೆ ಹುಡುಗ ಹಾಳಾಗುತ್ತಾನೆ. ಈ ಹದವನ್ನು ಪೊಲೀಸು ಇಲಾಖೆಯೊಂದೇ ಕಾಯಲಾರದು. ವೈದ್ಯ, ಔಷಧ ನಿಯಂತ್ರಕ, ದಾದಿ, ನೊಂದ ಕುಟುಂಬದವರು ಎಲ್ಲರೂ ಒಂದೇ ಮೇಜಿನ ಸುತ್ತ ಕೂಡಬೇಕು.

ಅಮೆರಿಕವು ಈ ಪಾಠವನ್ನು ತೀರ ದುಬಾರಿ ಬೆಲೆಗೆ ಕಲಿಯಿತು. 1996ರಲ್ಲಿ ಅಲ್ಲಿಯ ಪೇಟೆಗೆ ಬಂದ ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆಯಿಂದ ಆರಂಭವಾದ ಅನಾಹುತ ಹೆರಾಯಿನ್‌ಗೂ, ಅಲ್ಲಿಂದ ಫೆಂಟನಿಲ್‌ಗೂ ಜಿಗಿದು, 2021ರಲ್ಲಿ ಅತಿಮಾತ್ರೆಯಿಂದ ಸತ್ತವರು ಒಂದೇ ವರ್ಷದಲ್ಲಿ 1 ಲಕ್ಷವನ್ನು ಮೀರಿದರು. ಔಷಧ ಕಂಪೆನಿಗಳ ಮೇಲೆ ಹೂಡಿದ ದಾವೆಗಳಲ್ಲಿ ನಾಲ್ಕು ಕಂಪೆನಿಗಳೇ 2,600 ಕೋಟಿ ಡಾಲರ್ ಕೊಡಲೊಪ್ಪಿದುವು. ಆ ಹಣವನ್ನು ಯಾವುದಕ್ಕೆ ವಿನಿಯೋಗಿಸಬೇಕೆಂದು ಹೇಳಲು ಅಲ್ಲಿಯ ಅನೇಕ ರಾಜ್ಯಗಳು ಸಲಹಾ ಪರಿಷತ್ತುಗಳನ್ನು ರಚಿಸಿದುವು. ಹಲವೆಡೆ ಚಟದಿಂದ ಹೊರಬಂದವರೂ, ಮಕ್ಕಳನ್ನು ಕಳಕೊಂಡ ತಂದೆತಾಯಿಗಳೂ ಅವುಗಳ ಸದಸ್ಯರು. ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು, ನಿಜ. ನಮಗಾದರೋ ಬಾಗಿಲು ಹಾಕಲು ಇನ್ನೂ ಸಮಯವಿದೆ.

ಬೊಕ್ಕಸದ ಮಾತು

ಎಂ.ಡಿ. ಪುಡಿಯ ಬಗ್ಗೆ ಗುಡುಗುವ ಸರಕಾರಗಳು ಬಾಟಲಿಯ ಬಗ್ಗೆ ಮೆತ್ತಗಾಗುವುದನ್ನು ಓದುಗರು ಬಲ್ಲರು. ಸಂವಿಧಾನದ 47ನೇ ವಿಧಿ ಔಷಧದ ಉದ್ದೇಶ ಹೊರತು ಮಾದಕ ಪಾನೀಯ ಹಾಗೂ ದ್ರವ್ಯಗಳನ್ನು ನಿಷೇಧಿಸಲು ಯತ್ನಿಸಬೇಕೆಂದು ಹೇಳುತ್ತದೆ. ಕರ್ನಾಟಕದ 2025-26ರ ಮುಂಗಡಪತ್ರ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕೆಂದು ಹೇಳುತ್ತದೆ. 2025ರ ಜೂನ್‌ನಲ್ಲಿ ಮದ್ಯದ ಸುಂಕ ಏರಿಸಿದ ಮಹಾರಾಷ್ಟ್ರ, ವರ್ಷಕ್ಕೆ 14,000 ಕೋಟಿ ಹೆಚ್ಚಿಗೆ ಬರುತ್ತದೆಂದು ಲೆಕ್ಕ ಹಾಕಿತು. ಇಷ್ಟು ಹಣ ತರುವ ಇಲಾಖೆಗೆ ವಿರುದ್ಧವಾದ ಸಲಹೆಯನ್ನು ಅದೇ ಸರಕಾರದ ಅಧಿಕಾರಿಗಳಿಂದ ನಿರೀಕ್ಷಿಸುವುದು ಹೇಗೆ?

ಮಹಾರಾಷ್ಟ್ರದಲ್ಲಿ ಒಂದು ಒಳ್ಳೆಯ ಪದ್ಧತಿಯುಂಟು. ಊರಿನ ಹೆಂಗಸರು ಕೇಳಿದರೆ ಶರಾಬಿನ ಅಂಗಡಿ ಬೇಕೇ ಬೇಡವೇ ಎಂದು ಮತದಾನ ನಡೆಸಬೇಕು. ಮತಪತ್ರದಲ್ಲಿ ನೆಟ್ಟಗೆ ನಿಂತ ಬಾಟಲಿ ಒಂದು, ಅಡ್ಡ ಬಿದ್ದ ಬಾಟಲಿ ಒಂದು. ಅಡ್ಡ ಬಾಟಲಿಗೆ ಅರ್ಧಕ್ಕಿಂತ ಹೆಚ್ಚು ಮತ ಬಂದರೆ ಅಂಗಡಿ ಮುಚ್ಚಬೇಕು. ಆದರೆ ಗಡಿಯ ತಾಲೂಕಿನಲ್ಲಿ ಈ ಬಾಟಲಿ ಅಡ್ಡ ಬಿದ್ದರೂ ಗೆರೆಯ ಆಚೆ ಇನ್ನೊಂದು ನೆಟ್ಟಗೆ ನಿಂತಿರುತ್ತದೆ. ಕರ್ನಾಟಕವು 2007ರ ಜುಲೈಯಲ್ಲಿ ಸಾರಾಯಿಯನ್ನು ನಿಲ್ಲಿಸಿದಾಗಲೂ ಗಡಿಯಾಚೆಯ ಅಂಗಡಿಗಳು ಅದರ ಕಟ್ಟಳೆಗೆ ಒಳಪಡಲಿಲ್ಲ. ಒಂದು ರಾಜ್ಯದ ಸಲಹೆ ಮತ್ತೊಂದರ ಕಿವಿಗೆ ಬೀಳದಿದ್ದರೆ ಗಡಿಯ ಹೆಂಗಸರ ಮತ ನೀರಿನಲ್ಲಿ ಹೋಮ ಮಾಡಿದಂತೆ.

ಬಿಡಿಸುವ ಮಾತು ಯಾವ ಭಾಷೆಯಲ್ಲಿ?

ಗುಂಜೋಟಿಯ ಪ್ರಶ್ನೆ ನಮಗೆ ನೇರವಾಗಿ ತಟ್ಟುವುದು ಇಲ್ಲಿ. ಮುರಿದ ಎಲುಬನ್ನು ಕೂಡಿಸಲು ಭಾಷೆ ಹೆಚ್ಚು ಬೇಡ. ಚಟ ಬಿಡಿಸಲು ಭಾಷೆಯೇ ಮುಖ್ಯ ಸಾಧನ. ಯಾವಾಗ ಶುರುವಾಯಿತು, ಯಾರ ಜತೆ, ಏನು ಮರೆಯಲಿಕ್ಕೆ, ಸಾಲವೆಷ್ಟು, ಹೆಂಡತಿಗೆ ಹೊಡೆದದ್ದುಂಟೇ ಎಂಬ ಪ್ರಶ್ನೆಗಳಿಗೆ ಮನುಷ್ಯ ಮನೆಮಾತಿನಲ್ಲಿಯೇ ಬಾಯಿಬಿಡಲು ಹಿಂಜರಿಯುತ್ತಾನೆ. ಕಚೇರಿಯ ಭಾಷೆಯಲ್ಲಿ ಕೇಳಿದರಂತೂ ಹೂಂ ಎಂದು ಎದ್ದು ಹೋಗುತ್ತಾನೆ. ಗಡಿಯ ಗಂಡಸರಿಗೆ ಸಂತೆಯ ಮರಾಠಿ ಬರುತ್ತದೆ. ಮನೆಯೊಳಗಿನ ಮುದುಕಿಗೆ, ಮಗನ ಚಟವನ್ನು ಮೊದಲು ಕಂಡುಹಿಡಿಯುವ ತಾಯಿಗೆ, ಆ ಮಾತು ಸಾಲದು.

ಅಂತಹ ತಾಯಿ ಎಲ್ಲಿಗೆ ಹೋಗಬೇಕು? ಉಮರ್ಗಾದ ಉಪಜಿಲ್ಲಾ ಆಸ್ಪತ್ರೆಗೆ ಹೋದರೆ ಕಾಗದ ಮರಾಠಿಯಲ್ಲಿ. ಆಳಂದಕ್ಕೋ ಬಸವಕಲ್ಯಾಣಕ್ಕೋ ಹೋದರೆ ಮಾತು ತಿಳಿಯುತ್ತದೆ, ಆದರೆ ಪಡಿತರ ಚೀಟಿ ಬೇರೆ ರಾಜ್ಯದ್ದು. ಈ ಇಕ್ಕಟ್ಟನ್ನು ಕಾಸರಗೋಡಿನವರಿಗೆ ವಿವರಿಸಬೇಕಾಗಿಲ್ಲ. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ರೋಗಿಗಳು ಪಟ್ಟ ಪಾಡು ಕೇರಳ ಹೈಕೋರ್ಟಿನವರೆಗೂ, ಸುಪ್ರೀಂ ಕೋರ್ಟಿನವರೆಗೂ ಹೋಯಿತು. ರೋಗಕ್ಕೆ ಗಡಿಯಿಲ್ಲ, ಆಸ್ಪತ್ರೆಗೆ ಉಂಟು ಎಂಬುದನ್ನು ನಾವು ಆಗಲೇ ಕಂಡೆವು.

ಸಂವಿಧಾನದ 350ನೇ ವಿಧಿಯಂತೆ ಯಾವ ಪ್ರಜೆಯೂ ತನ್ನ ಅಹವಾಲನ್ನು ಕೇಂದ್ರದಲ್ಲೋ ರಾಜ್ಯದಲ್ಲೋ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದು. ಅಹವಾಲಿಗೆ ಇರುವ ಹಕ್ಕು ಚಿಕಿತ್ಸೆಗೂ ಇರಬೇಡವೇ? ಚಟ ಬಿಡಿಸುವ ನೆರವಿಗೆ 14446 ಎಂಬ ದೂರವಾಣಿ ಸಂಖ್ಯೆ, ಮಾದಕ ದ್ರವ್ಯದ ದೂರಿಗೂ ಸಲಹೆಗೂ 1933 ಎಂಬ ಸಂಖ್ಯೆ ಇವೆ. ಸಂಖ್ಯೆ ತಿರುಗಿಸಿದವನಿಗೆ ತನ್ನ ಮಾತಿನಲ್ಲಿ ಉತ್ತರ ಸಿಗುವಂತೆ ನೋಡಿಕೊಳ್ಳುವುದೂ ಪರಿಷತ್ತಿನ ಹೊಣೆಯಾಗಬೇಕು.

ಇನ್ನೊಂದು ಸಂಗತಿಯನ್ನು ಜನರಿಗೆ ಅವರ ಭಾಷೆಯಲ್ಲಿಯೇ ಸಾರಿ ಹೇಳಬೇಕಾಗಿದೆ. 1985ರ ಕಾನೂನಿನ 64ಎ ಕಲಮಿನಂತೆ, ಸೇವನೆಯ ಅಥವಾ ಅಲ್ಪ ಪ್ರಮಾಣದ ಅಪರಾಧದಲ್ಲಿ ಸಿಕ್ಕ ವ್ಯಸನಿ ತಾನಾಗಿ ಸರಕಾರಿ ಮಾನ್ಯತೆಯ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಅವನಿಗೆ ಮೊಕದ್ದಮೆಯಿಂದ ರಕ್ಷಣೆಯುಂಟು. ಚಿಕಿತ್ಸೆಯನ್ನು ಪೂರ್ತಿಗೊಳಿಸದಿದ್ದರೆ ಆ ರಕ್ಷಣೆ ಹೋಗಬಹುದು. ಈ ಮಾತು ತಿಳಿಯದ ಕುಟುಂಬ ಪೊಲೀಸರಿಗೆ ಹೆದರಿ ಮಗನನ್ನು ಬಚ್ಚಿಡುತ್ತದೆ. ಬಚ್ಚಿಟ್ಟ ರೋಗ ವಾಸಿಯಾಗುವುದಿಲ್ಲ.

ಮತ್ತೊಂದು ಸಮಿತಿಯೇ?

'ಸಮಿತಿ ಮಾಡಿದರೆ ಭತ್ಯೆಯ ಖರ್ಚು, ವರದಿ ಬರೆದರೆ ಗೆದ್ದಲಿನ ಊಟ' ಎಂದು ಮೂಗು ಮುರಿಯುವವರಿದ್ದಾರೆ. ಅವರ ಆಕ್ಷೇಪ ತಳ್ಳಿಹಾಕುವಂಥದಲ್ಲ. ಮಹಾರಾಷ್ಟ್ರದಲ್ಲಿ ನಶಾಬಂದಿ ಮಂಡಲವಿದೆ, ಕರ್ನಾಟಕದಲ್ಲಿ ಮದ್ಯಪಾನ ಸಂಯಮ ಮಂಡಳಿಯಿದೆ. ಆದರೆ ಅವುಗಳಿಗೆ ಇರುವುದು ಪ್ರಚಾರದ ಕೆಲಸ. ಆದುದರಿಂದಲೇ ಪರಿಷತ್ತು ಹೇಗಿರಬೇಕೆಂಬುದನ್ನು ಮೊದಲೇ ನಿಶ್ಚಯಿಸಬೇಕು.

ಒಂದು, ಮಂತ್ರಿಯ ಆದೇಶದಿಂದ ಹುಟ್ಟಿ ಮಂತ್ರಿಯೊಡನೆ ಹೋಗುವ ಸಮಿತಿ ಬೇಡ. ವಿಧಾನಮಂಡಲದ ಕಾನೂನಿನಿಂದ ರಚಿತವಾದ ಪರಿಷತ್ತು ಬೇಕು. ಎರಡು, ಅದರ ವರದಿ ವರ್ಷಕ್ಕೊಮ್ಮೆ ಸದನದ ಮುಂದೆ ಬರಬೇಕು. ಸಲಹೆಯನ್ನು ಒಪ್ಪದಿದ್ದರೆ ಏಕೆಂದು ಸರಕಾರ ಲಿಖಿತವಾಗಿ ಹೇಳಬೇಕು. ಮೂರು, ಸದಸ್ಯರಲ್ಲಿ ಅರ್ಧಕ್ಕಿಂತ ಕಡಿಮೆ ಅಧಿಕಾರಿಗಳು. ಉಳಿದವರು ಮನೋವೈದ್ಯರು, ಸಾಂತ್ವನ ಚಿಕಿತ್ಸಕರು, ಶಿಕ್ಷಕರು, ಚಟ ಬಿಟ್ಟವರು, ನೊಂದ ಮನೆಯ ಹೆಂಗಸರು. ಮದ್ಯ ಹಾಗೂ ಔಷಧ ವ್ಯಾಪಾರದವರಿಗೆ ಅಲ್ಲಿ ಸ್ಥಾನವಿರಬಾರದು. ನಾಲ್ಕು, 2017ರ ಮಾನಸಿಕ ಆರೋಗ್ಯ ಕಾನೂನಿನಂತೆ ನೋಂದಣಿಯಾಗಬೇಕಾದ ಚಟಮುಕ್ತಿ ಕೇಂದ್ರಗಳನ್ನು ಕಂಡು ಬಂದು ವರದಿ ಮಾಡುವ ಅಧಿಕಾರ ಅದಕ್ಕಿರಬೇಕು; ಕಟ್ಟಿಹಾಕಿ ಹೊಡೆಯುವುದೇ ಚಿಕಿತ್ಸೆಯೆಂದು ನಡೆಸುವ ಕೇಂದ್ರಗಳಿಗೆ ಆಗ ಭಯ ಹುಟ್ಟೀತು. ಐದು, ಗಡಿ ತಾಲೂಕುಗಳ ಭಾಷಾ ಅಲ್ಪಸಂಖ್ಯಾತರ ಪ್ರತಿನಿಧಿಯೊಬ್ಬರು ಇರಲೇಬೇಕು. ನೆರೆರಾಜ್ಯದ ಪರಿಷತ್ತಿನೊಡನೆ ವರ್ಷಕ್ಕೊಮ್ಮೆಯಾದರೂ ಜಂಟಿ ಸಭೆ ನಡೆಯಬೇಕು.

ಕೊನೆಯ ಮಾತಿಗೆ ಕಾರಣವಿದೆ. ರಾಜ್ಯಗಳು ಕೂಡಿ ಮಾತಾಡಲೆಂದೇ 1956ರ ಕಾನೂನು ವಲಯ ಪರಿಷತ್ತುಗಳನ್ನು ಸ್ಥಾಪಿಸಿತು. ಇಂದು ಮಹಾರಾಷ್ಟ್ರವಿರುವುದು ಪಶ್ಚಿಮ ವಲಯದಲ್ಲಿ, ಕರ್ನಾಟಕವಿರುವುದು ದಕ್ಷಿಣ ವಲಯದಲ್ಲಿ. ಹೀಗಾಗಿ ಹೆಗಲಿಗೆ ಹೆಗಲು ತಾಗಿಸಿಕೊಂಡಿರುವ ಉಮರ್ಗಾ ಮತ್ತು ಆಳಂದ ತಾಲೂಕುಗಳ ಸರಕಾರಗಳು ಬೇರೆ ಬೇರೆ ಪಂಕ್ತಿಯಲ್ಲಿ ಕೂಡುತ್ತವೆ. ಕೇರಳ ಕರ್ನಾಟಕಗಳಾದರೂ ಒಂದೇ ವಲಯದಲ್ಲಿವೆ. ಆ ಅನುಕೂಲವನ್ನು ತಲಪಾಡಿಯ ಎರಡೂ ಕಡೆಯವರ ಹಿತಕ್ಕೆ ಬಳಸಿಕೊಳ್ಳದಿದ್ದರೆ ತಪ್ಪು ನಮ್ಮ ಜನಪ್ರತಿನಿಧಿಗಳದು.

ಗಡಿಯ ಕನ್ನಡಿಗರ ಅಹವಾಲುಗಳೆಂದರೆ ಶಾಲೆ, ಫಲಕ, ಉದ್ಯೋಗ ಎಂಬಲ್ಲಿಗೇ ನಿಲ್ಲುವುದು ರೂಢಿಯಾಗಿದೆ. ಶಾಲೆಗೆ ಹೋಗಬೇಕಾದ ಹುಡುಗ ಹೆದ್ದಾರಿಯ ಬದಿಯಲ್ಲಿ ಪುಡಿಯ ಪೊಟ್ಟಣ ಕೊಳ್ಳುತ್ತಿದ್ದರೆ ಫಲಕ ಯಾವ ಲಿಪಿಯಲ್ಲಿದ್ದರೇನು? ಗುಂಜೋಟಿಯ ಪಂಚಾಯತಿ ಗ್ರಾಮಸಭೆಯಲ್ಲಿ ಈ ಪರಿಷತ್ತಿಗಾಗಿ ಒಂದು ಠರಾವು ಮಾಡಲಿ. ಮಂಜೇಶ್ವರ, ಕುಂಬಳೆ, ಮಧೂರು ಪಂಚಾಯತುಗಳೂ ತಮ್ಮ ಸರಕಾರಕ್ಕೆ ಅಂತಹುದನ್ನೇ ಕಳುಹಿಸಲಿ. ಎರಡು ಗಡಿಗಳಿಂದ ಒಂದೇ ಮಾತು ಎದ್ದರೆ ಮುಂಬಯಿಗೂ ತಿರುವನಂತಪುರಕ್ಕೂ ಅದನ್ನು ಕೇಳಿಸಿಕೊಳ್ಳದೆ ಇರುವುದು ಸುಲಭವಾಗದು.